ನೂರಿಪ್ಪತ್ತು ಬಾರ್, ಒಂದು ಬೆರಳು

೨೦೨೩ರಲ್ಲಿ ನಾನು ಚಾಮರಾಜಪೇಟೆಯ ಒಂದು ಸರ್ವೀಸ್ ಸೆಂಟರಿನಲ್ಲಿ ಸೀನಿಯರ್ ಸರ್ವೀಸ್ ಎಂಜಿನಿಯರ್ ಆಗಿದ್ದೆ. ಮೆಕ್ಯಾನಿಕಲ್ ಓದಿ ಈ ಕೆಲಸಕ್ಕೆ ಸೇರಿ ಆಗಲೇ ಹನ್ನೊಂದು ವರ್ಷವಾಗಿತ್ತು. ಮನೆಬಳಕೆಯ ಪ್ರೆಶರ್ ವಾಷರ್, ವ್ಯಾಕ್ಯೂಮ್ ಕ್ಲೀನರ್, ಸಣ್ಣ ಪಂಪುಗಳ ರಿಪೇರಿ ಮತ್ತು ಬದಲಾವಣೆ ನಮ್ಮ ಕೆಲಸ. ಬಸವನಗುಡಿಯಿಂದ ಮಲ್ಲೇಶ್ವರದವರೆಗಿನ ದೂರುಗಳೆಲ್ಲ ನನ್ನ ಮೇಜಿಗೆ ಬರುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದುದು ಪ್ರೆಶರ್ ವಾಷರಿನ ದೂರು, ಎಲ್ಲಕ್ಕಿಂತ ಹೆಚ್ಚು ಬೈಗುಳ ಬರುತ್ತಿದ್ದುದೂ ಅದರಿಂದಲೇ.

ಈ ಯಂತ್ರವನ್ನು ನೋಡಿಲ್ಲದವರಿಗೆ ಒಂದೆರಡು ಮಾತು. ನಲ್ಲಿಯ ನೀರನ್ನು ಒಳಗೆ ಎಳೆದುಕೊಂಡು, ಪಂಪಿನಲ್ಲಿ ಒತ್ತಿ, ಕೈಯಲ್ಲಿ ಹಿಡಿಯುವ ಗನ್ನಿನ ತುದಿಯ ಸಣ್ಣ ರಂಧ್ರದಿಂದ ಹೊರಕ್ಕೆ ಚಿಮ್ಮಿಸುತ್ತದೆ. ಆ ತುದಿಗೆ ನಾಝಲ್ ಎನ್ನುತ್ತಾರೆ. ಒತ್ತಡವನ್ನು ಬಾರ್ ಎಂಬ ಅಳತೆಯಲ್ಲಿ ಹೇಳುತ್ತೇವೆ. ಕಾರಿನ ಚಕ್ರದಲ್ಲಿರುವ ಗಾಳಿ ಸುಮಾರು ಎರಡು ಬಾರ್. ನಾನು ಹೇಳಹೊರಟಿರುವ ಯಂತ್ರದ್ದು ನೂರಿಪ್ಪತ್ತು. ನೋಡಲು ಮಕ್ಕಳ ಟ್ರಾಲಿಬ್ಯಾಗಿನಂತೆ ಮುದ್ದಾಗಿರುತ್ತದೆ. ಪೆಟ್ಟಿಗೆಯ ಮೇಲೆ ನಗುತ್ತ ಕಾರು ತೊಳೆಯುವ ಕುಟುಂಬದ ಚಿತ್ರ ಇರುತ್ತದೆ.

ಇದು ನಂಬಿಕೆಗೆ ಅರ್ಹವಲ್ಲದ ಯಂತ್ರ ಎಂದು ಹೆಸರು ಕೆಡಿಸಿಕೊಂಡಿದ್ದಕ್ಕೆ ನಮ್ಮ ಕಡೆ ಒಂದು ವಿಶೇಷ ಕಾರಣವಿತ್ತು. ಪಂಪಿಗೆ ನಿಮಿಷಕ್ಕೆ ಆರೇಳು ಲೀಟರ್ ನೀರು ಎಡೆಬಿಡದೆ ಸಿಗಬೇಕು. ಹಳೆಯ ಬಡಾವಣೆಗಳ ಮನೆಗಳಲ್ಲಿ ಅರ್ಧ ಇಂಚಿನ ಕಬ್ಬಿಣದ ಪೈಪು, ಒಳಗೆಲ್ಲ ತುಕ್ಕು. ನೀರು ಸಾಲದೆ ಪಂಪು ಗಾಳಿ ಎಳೆಯುತ್ತದೆ, ಗಾಳಿ ಎಳೆದರೆ ಕಾಯುತ್ತದೆ, ಕಾದರೆ ಒಳಗಿನ ರಬ್ಬರ್ ಸೀಲುಗಳು ಸುಡುತ್ತವೆ. ಕಂಪನಿ ಅದನ್ನು 'ಸೈಟ್ ಸಮಸ್ಯೆ', ಅಂದರೆ ಮನೆಯವರ ಕಡೆಯ ತೊಂದರೆ, ಎಂದು ಬರೆಯುತ್ತದೆ. ಗ್ರಾಹಕರು ಅದನ್ನು ಮೋಸ ಎನ್ನುತ್ತಾರೆ. ಎರಡರ ನಡುವೆ ಟೂಲ್‌ಬಾಕ್ಸ್ ಹಿಡಿದು ನಿಂತವರು ನಾವು. ಗೇಟಿನಲ್ಲೇ ಅರ್ಧ ಗಂಟೆ ನಿಲ್ಲಿಸಿದವರಿದ್ದಾರೆ. ನಾಯಿಯನ್ನು ಕಟ್ಟಲು ಒಪ್ಪದೆ ಹಾಗೇ ಬನ್ನಿ ಎಂದವರಿದ್ದಾರೆ. ನಿಮ್ಮಲ್ಲಿ ಗಂಡಸರು ಯಾರೂ ಇಲ್ಲವೇ ಎಂದು ಕೇಳಿದವರ ಲೆಕ್ಕ ನಾನು ಇಟ್ಟಿಲ್ಲ.

ಬಸವನಗುಡಿಯ ನರಹರಿ ರಾಯರ ದೂರು ಆಗಸ್ಟಿನಲ್ಲಿ ಮತ್ತೆ ಬಂತು. ಅವರು ಲೆಕ್ಕಪರಿಶೋಧನೆಯ ಕೆಲಸದಲ್ಲಿ ಮೂವತ್ತಾರು ವರ್ಷ ಕಳೆದು ನಿವೃತ್ತರಾದವರು. ಹಿಂದಿನ ಮಳೆಗಾಲದಲ್ಲಿ ಅವರ ಹೆಂಡತಿ ಸರೋಜಮ್ಮ ಅಂಗಳದ ಕಲ್ಲುಚಪ್ಪಡಿಯ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದರು. ಪಾಚಿ ಕೀಳಲೆಂದೇ ರಾಯರು ಯಂತ್ರ ಕೊಂಡಿದ್ದರು. ಮೊದಲನೆಯದು ಹತ್ತೊಂಬತ್ತನೆಯ ದಿನ ಕೆಟ್ಟಿತು. ಸೀಲು ಬದಲಾಯಿಸಿದೆವು. ಮತ್ತೆ ಕೆಟ್ಟಿತು. ಬೇರೆ ಯಂತ್ರ ಕೊಟ್ಟೆವು. ಅದು ಎರಡು ತಿಂಗಳಾಗುವ ಮುಂಚೆಯೇ ಉಸಿರು ಬಿಟ್ಟಿತು. ಮೂರನೆಯದು ಬಂದು ವಾರವಾಗಿತ್ತು, ಆಗಲೇ ನಡುಗುತ್ತಿತ್ತು.

ಈ ಬದಲಾವಣೆಗಳಿಗೆ ಮೇಜಿನ ಹಿಂದೆ ಕುಳಿತು ಒಪ್ಪಿಗೆ ಕೊಟ್ಟವಳು ನಾನೇ. ದೂರನ್ನು ನಲವತ್ತೆಂಟು ಗಂಟೆಯೊಳಗೆ ಮುಚ್ಚಬೇಕೆಂಬುದು ನಮ್ಮಲ್ಲಿನ ನಿಯಮ. ನೀರಿನ ಹರಿವು ಅಳೆಯಲು ಸಮಯ ಬೇಕು. ಯಂತ್ರ ಬದಲಾಯಿಸಲು ಒಂದು ಸಹಿ ಸಾಕು. ರಾಯರ ಮನೆಯ ನಲ್ಲಿಯನ್ನು ಅಲ್ಲಿಯವರೆಗೆ ನಮ್ಮವರು ಯಾರೂ ಅಳೆದಿರಲಿಲ್ಲ.

ನಾನು ಹೋದದ್ದು ಒಂದು ಶನಿವಾರ ಬೆಳಿಗ್ಗೆ ಹತ್ತೂವರೆಗೆ. ರಾಯರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು, ತೊಡೆಯ ಮೇಲೆ ಟ್ಯಾಗ್ ಹಾಕಿದ ಫೈಲು. ನಮ್ಮ ಮೆಕ್ಯಾನಿಕ್‌ಗಳು ಬಂದುಹೋದ ದಿನ, ಸಮಯ, ಮಾಡಿದ್ದು, ಮಾಡದೆ ಬಿಟ್ಟದ್ದು ಎಲ್ಲವನ್ನೂ ಅವರು ಬರೆದಿಟ್ಟಿದ್ದರು. ಒಂದು ಕಡೆ 'ನಾಲ್ಕು ಹತ್ತಕ್ಕೆ ಬಂದರು, ನಾಲ್ಕು ಇಪ್ಪತ್ತೈದಕ್ಕೆ ಹೋದರು, ಕುಡಿಯಲು ನೀರು ಕೇಳಿದರು, ಕೊಡಲಾಯಿತು' ಎಂದಿತ್ತು. ನನ್ನ ಹೆಸರು, ಹುದ್ದೆ ಕೇಳಿ ಬರೆದುಕೊಂಡರು. ಓದು ಕೇಳಿದರು. ಹೇಳಿದೆ.

"ಎಂಜಿನಿಯರ್ರು," ಎಂದು ಮನೆಯೊಳಗಿದ್ದ ಹೆಂಡತಿಗೆ ಕೇಳುವಂತೆ ಹೇಳಿದರು. "ಇಷ್ಟ್ ದಿನ ಎಂಜಿನಿಯರ್ ಅಲ್ದವ್ರು ಬಂದು ಕೆಡಿಸಿದ್ರು. ಇವತ್ತು ಓದಿದವ್ರು ಬಂದಿದಾರೆ, ನೋಡೋಣ."

ನಾನು ಮೊದಲು ಮಾಡಿದ್ದು ಬಕೆಟ್ ಪರೀಕ್ಷೆ. ನಲ್ಲಿಯ ಕೆಳಗೆ ಹತ್ತು ಲೀಟರಿನ ಬಕೆಟ್ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ನೋಡುವುದು. ಒಂದೂವರೆ ನಿಮಿಷಕ್ಕೆ ತುಂಬಬೇಕು. ರಾಯರ ಅಂಗಳದ ನಲ್ಲಿಗೆ ನಾಲ್ಕು ನಿಮಿಷ ಹಿಡಿಯಿತು. ಯಂತ್ರದಲ್ಲಿ ತಪ್ಪಿಲ್ಲ, ನಿಮ್ಮ ಪೈಪಿನಲ್ಲಿ ನೀರಿಲ್ಲ ಎಂದು ನಾನು ವಿವರಿಸಿದೆ. ಅವರು ನಾನು ಹೇಳಿದ್ದನ್ನು ಫೈಲಿನಲ್ಲಿ ಬರೆದುಕೊಂಡು, ಬಕೆಟ್ ತುಂಬಿಸಲು ತಾವು ಯಂತ್ರ ಕೊಂಡಿಲ್ಲ ಎಂದರು. ಮೂರು ಯಂತ್ರ ಕೆಟ್ಟ ಮೇಲೆ ಪೈಪಿನ ನೆನಪಾಯಿತೇ ಎಂದರು. ಆ ಪ್ರಶ್ನೆಗೆ ಇದ್ದ ಒಂದೇ ಉತ್ತರ ನನ್ನ ಸಹಿ. ರಾಯರ ದನಿ ಏರಿತು. ಎದುರುಮನೆಯವರು ಪೇಪರ್ ಮಡಿಚಿಕೊಂಡು ಗೇಟಿಗೆ ಬಂದು ನಿಂತರು.

ಅಂಗಳದ ಮೂಲೆಯಲ್ಲಿ ಗಿಡಗಳಿಗೆಂದು ಬೋರ್‌ವೆಲ್ ನೀರು ತುಂಬಿಟ್ಟಿದ್ದ ನೀಲಿ ಡ್ರಮ್ ಇತ್ತು. ಯಂತ್ರದ ಹೀರುಪೈಪನ್ನು ಡ್ರಮ್ಮಿಗೆ ಇಳಿಬಿಟ್ಟರೆ ನೀರು ಧಾರಾಳವಾಗಿ ಸಿಗುತ್ತದೆ, ಆಗ ಯಂತ್ರ ಸರಿಯಾಗಿ ಓಡುತ್ತದೆ, ತಪ್ಪು ಪೈಪಿನದೆಂದು ಅವರ ಕಣ್ಣೆದುರಿಗೇ ತೋರಿಸಬಹುದು. ಈ ಯೋಚನೆ ತಪ್ಪಲ್ಲ. ಅದನ್ನು ಮಾಡಿದ ರೀತಿ ತಪ್ಪು.

ಡ್ರಮ್ಮಿನಿಂದ ಎಳೆಯುವಾಗ ಪಂಪಿನೊಳಗಿನ ಗಾಳಿಯೆಲ್ಲ ಹೊರಹೋಗಿ ನೀರು ತುಂಬಲು ಅರ್ಧ ನಿಮಿಷದಿಂದ ಒಂದು ನಿಮಿಷ ಬೇಕು. ಇದಕ್ಕೆ ಪ್ರೈಮಿಂಗ್ ಎನ್ನುತ್ತಾರೆ. ಪ್ರೈಮಿಂಗ್ ಮಾಡುವಾಗ ಗನ್ನಿನ ನಾಝಲ್ ತೆಗೆದಿಡಬೇಕು. ಗಾಳಿ ಬೇಗ ಹೋಗುತ್ತದೆ, ನೀರು ಬಂದರೂ ಒತ್ತಡ ಹುಟ್ಟುವುದಿಲ್ಲ. ಆದರೆ ಗನ್ನು ರಾಯರ ಕೈಯಲ್ಲಿತ್ತು. ಹದಿನೈದು ನಿಮಿಷದಿಂದ ಅವರು ಅದನ್ನು ಹಿಡಿದುಕೊಂಡೇ ನನ್ನನ್ನು ಬೈಯುತ್ತಿದ್ದರು. ಕೇಳಿದರೆ ಕೊಡುವುದಿಲ್ಲ, ಅದಕ್ಕೂ ಒಂದು ಜಗಳವಾಗುತ್ತದೆ ಎಂದು ನಾನೇ ತೀರ್ಮಾನಿಸಿ, ಕೇಳದೆ ಬಿಟ್ಟೆ. ಟ್ರಿಗರ್ ಒತ್ತಿ ಹಿಡಿದುಕೊಳ್ಳಿ ಸರ್ ಎಂದಷ್ಟೇ ಹೇಳಿ ಸ್ವಿಚ್ ಹಾಕಿದೆ.

ಮೋಟಾರು ಕಿರುಗುಟ್ಟಿತು. ನಾಝಲ್ಲಿನಿಂದ ಗಾಳಿಯೂ ಹನಿಯೂ ಕೂಡಿ ಉಗುಳಿದ ಹಾಗೆ ಬಂತು. ರಾಯರು ಎದುರುಮನೆಯವರ ಕಡೆ ತಿರುಗಿದರು.

"ನೋಡ್ರಿ ಪ್ರೆಶರ್ರು. ನಮ್ಮ ಮೊಮ್ಮಗ ಇದಕ್ಕಿಂತ ಜೋರಾಗಿ ಉಚ್ಚೆ ಹೊಯ್ತಾನೆ."

ಎದುರುಮನೆಯವರು ನಕ್ಕರು. ನನಗೆ ಮುಖ ಬಿಸಿಯಾಯಿತು. ಒಂದು ನಿಮಿಷ ತಾಳಿ ಸರ್, ಬರುತ್ತದೆ ಎಂದು ಹೇಳಿ ನಾನು ಡ್ರಮ್ಮಿನ ಮೇಲೆ ಬಾಗಿದೆ. ಪಾರದರ್ಶಕವಾದ ಹೀರುಪೈಪಿನಲ್ಲಿ ಗುಳ್ಳೆಗಳು ಸಾಲಾಗಿ ಓಡುತ್ತಿದ್ದವು. ಆಮೇಲೆ ಒಂದೊಂದಾದವು. ಆಮೇಲೆ ನಿಂತವು. ಮೋಟಾರಿನ ದನಿ ಕೆಳಗಿಳಿದು ಗಟ್ಟಿಯಾಯಿತು. ಈ ಕೆಲಸ ಬಲ್ಲವರಿಗೆ ಆ ದನಿಯ ಅರ್ಥ ಒಂದೇ: ಪಂಪು ಹಿಡಿದುಕೊಂಡಿತು. ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿದ್ದುದನ್ನು ಮುಚ್ಚಿಡದೆ ಹೇಳುತ್ತೇನೆ. ಗೆದ್ದೆ ಎಂದುಕೊಂಡೆ. ಎದುರುಮನೆಯವರ ಮುಂದೆಯೇ ಗೆದ್ದೆ ಎಂದುಕೊಂಡೆ.

"ಬಂತು ನೋಡಿ ಸರ್," ಎಂದು ತಿರುಗಿದೆ.

ನೀರೆಲ್ಲೂ ಚಿಮ್ಮುತ್ತಿರಲಿಲ್ಲ. ಗನ್ನು ಚಪ್ಪಡಿಯ ಮೇಲೆ ಬಿದ್ದಿತ್ತು. ರಾಯರು ತಮ್ಮ ಎಡಗೈಯ ತೋರುಬೆರಳನ್ನು ಕನ್ನಡಕದ ಹತ್ತಿರ ಹಿಡಿದು ನೋಡುತ್ತಿದ್ದರು. ನಮ್ಮೂರಿನಲ್ಲಿ ಅಂಗಳ ತೊಳೆಯುವವರೆಲ್ಲ ಪೈಪಿನ ಬಾಯಿಗೆ ಬೆರಳೊತ್ತಿ ನೀರನ್ನು ದೂರಕ್ಕೆ ಹಾರಿಸುತ್ತಾರೆ. ನಾನೂ ಹಾಗೇ ಮಾಡಿ ಬೆಳೆದವಳು. ಧಾರೆ ಸಣ್ಣದಾದರೆ ಬೆರಳು ತಾನಾಗಿ ಹೋಗುತ್ತದೆ. ರಾಯರ ಬಲಗೈ ಟ್ರಿಗರ್ ಒತ್ತಿತ್ತು, ಎಡಗೈಯ ಬೆರಳು ನಾಝಲ್ಲಿನ ಬಾಯಿಯ ಮೇಲಿತ್ತು. ನಾನು ಗುಳ್ಳೆ ಎಣಿಸುತ್ತಿದ್ದೆ.

ಹತ್ತಿರ ಹೋಗಿ ನೋಡಿದೆ. ಬೆರಳ ತುದಿಯಿಂದ ಸ್ವಲ್ಪ ಕೆಳಗೆ, ಗುಂಡುಸೂಜಿ ಚುಚ್ಚಿದಷ್ಟು ಗುರುತು. ರಕ್ತ ಒಂದು ಹನಿ. ಅವರು ಅದನ್ನು ಪಂಚೆಗೆ ಒರೆಸಿಕೊಂಡು, ಏನೂ ಆಗಿಲ್ಲ, ನೀವು ನಿಮ್ಮ ಕೆಲಸ ನೋಡಿ ಎಂದರು.

ಏನಾಗಿದೆ ಎಂದು ಆ ಅಂಗಳದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಟ್ಟ ತರಬೇತಿಯಲ್ಲಿ ಒಂದು ಕೈಯ ಚಿತ್ರ ತೋರಿಸಿದ್ದರು. ಮೊದಲ ಚಿತ್ರದಲ್ಲಿ ಒಂದು ಚುಕ್ಕೆ. ಎರಡನೆಯದರಲ್ಲಿ ಅಂಗೈವರೆಗೆ ಸೀಳಿ ತೆರೆದಿಟ್ಟ ಬೆರಳು. ಮೂರನೆಯದರಲ್ಲಿ ಬೆರಳೇ ಇರಲಿಲ್ಲ. ನೂರಿಪ್ಪತ್ತು ಬಾರಿನ ನೀರು ಚರ್ಮಕ್ಕೆ ಬಡಿದು ವಾಪಸ್ಸಾಗುವುದಿಲ್ಲ, ಒಳಗೆ ಹೋಗುತ್ತದೆ. ಮೂಳೆಯ ಪಕ್ಕದಲ್ಲಿ ಸ್ನಾಯುರಜ್ಜುವಿನ ದಾರಿ ಹಿಡಿದು ಅಂಗೈವರೆಗೆ ನುಗ್ಗುತ್ತದೆ. ಒಳಗೆ ಊದಿಕೊಂಡು ರಕ್ತದ ಓಡಾಟ ನಿಲ್ಲುತ್ತದೆ. ಹೊರಗೆ ಕಾಣುವುದು ಚುಕ್ಕೆ ಮಾತ್ರ, ಮೊದಮೊದಲು ನೋವೂ ಇರುವುದಿಲ್ಲ. ಅದರ ಮೇಲೆ ಇದು ಡ್ರಮ್ಮಿನ ನೀರು, ತಳದಲ್ಲಿ ಒಂದು ಗೇಣು ಕೆಸರು. ಆಪರೇಷನ್ನಿಗೆ ಇರುವುದು ಕೆಲವೇ ಗಂಟೆ ಎಂದು ತರಬೇತಿಯಲ್ಲಿ ಹೇಳಿದ್ದರು. ಗಡಿಯಾರ ನೋಡಿದೆ. ಹನ್ನೊಂದು ಇಪ್ಪತ್ತು.

ತಕ್ಷಣ ಆಸ್ಪತ್ರೆಗೆ ಹೋಗಬೇಕು ಎಂದೆ. ರಾಯರು ನಕ್ಕರು. ಒಳಗಿನಿಂದ ಬಂದ ಸರೋಜಮ್ಮ ಬೆರಳಿಗೆ ಅರಿಶಿನ ಒತ್ತಿದರು. ನಾನು ಮತ್ತೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ.

"ವಿಷಯ ಬದಲಾಯಿಸ್ಬೇಡಿ," ಎಂದರು ರಾಯರು. "ಸೊಳ್ಳೆ ಕಚ್ಚಿದಷ್ಟಿದೆ. ಇದನ್ನ ನೆಪ ಮಾಡ್ಕೊಂಡು ನೀವಿಲ್ಲಿಂದ ಜಾಗ ಖಾಲಿ ಮಾಡೋಕೆ ನೋಡ್ತಿದೀರ. ಮಷೀನಿಂದು ಇತ್ಯರ್ಥ ಆಗ್ಲಿ, ಆಮೇಲೆ ಆಸ್ಪತ್ರೆ."

ಮೂರು ಸಲ ಮೋಸಹೋದೆನೆಂದು ನಂಬಿದ ಮನುಷ್ಯನಿಗೆ ನಾಲ್ಕನೆಯ ಸಲ ನಿಜ ಹೇಳಿದರೆ ಅದೂ ಮೋಸದ ಹಾಗೇ ಕೇಳಿಸುತ್ತದೆ. ನಾನು ಮ್ಯಾನುವಲ್ ತೆಗೆದು ಎಚ್ಚರಿಕೆಯ ಪುಟ ತೋರಿಸಿದೆ. ಅದು ನಿಮ್ಮ ಕಂಪನಿಯೇ ಅಚ್ಚು ಹಾಕಿದ್ದು ಎಂದು ಪಕ್ಕಕ್ಕಿಟ್ಟರು. ಕಾಲು ಗಂಟೆ ಹೀಗೇ ಹೋಯಿತು. ಅಷ್ಟರಲ್ಲಿ ಬೆರಳು ಬೆಳ್ಳಗಾಗತೊಡಗಿತ್ತು. ಮುಟ್ಟಿ ನೋಡಲೇ ಎಂದು ಕೇಳಿದೆ. ಯಾಕೋ ಒಪ್ಪಿದರು. ಪಕ್ಕದ ಬೆರಳು ಬೆಚ್ಚಗಿತ್ತು, ಇದು ತಣ್ಣಗಿತ್ತು. ಜೋಮು ಹಿಡಿದ ಹಾಗಿದೆ ಎಂದು ಅವರೇ ಹೇಳಿದರು. ಆದರೂ ಏಳಲಿಲ್ಲ. ಬದಲಿಗೆ ಫೈಲಿನಿಂದ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು.

"ಬರೆದು ಕೊಡಿ. ಮಷೀನಲ್ಲಿ ದೋಷ ಇದೆ ಅಂತ ಬರೆದು ಸಹಿ ಮಾಡಿ. ಎದ್ದು ಬರ್ತೀನಿ."

ಇಡೀ ಜೀವನ ಕಾಗದದ ಮೇಲಿದ್ದುದನ್ನು ಮಾತ್ರ ನಿಜವೆಂದು ನಂಬಿ ದುಡಿದವರು ಅವರು. ಮಾತಿನಲ್ಲಿ ಹೇಳಿದ್ದಕ್ಕೆ ಅವರ ಪ್ರಪಂಚದಲ್ಲಿ ಬೆಲೆಯಿರಲಿಲ್ಲ. ನಾನು ಹಿಂದೆ ಸರಿದು ಮ್ಯಾನೇಜರಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿ ಮುಗಿಸುವ ಮುಂಚೆಯೇ ಅವರು ತಡೆದರು. "ಏನೂ ಬರ್ಕೊಡ್ಬೇಡಿ. ಒಂದಕ್ಷರಾನೂ ಬರೀಬೇಡಿ. ಅಲ್ಲಿಂದ ಹೊರಟ್ಬಿಡಿ ಮೊದ್ಲು," ಎಂದರು. ಬೆರಳಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಸರೋಜಮ್ಮ ನನ್ನ ಹತ್ತಿರ ಬಂದು, ಗಂಡನಿಗೆ ಕೇಳದಂತೆ ಹೇಳಿದರು. "ಬರ್ಕೊಟ್ಬಿಡಮ್ಮ. ಇಲ್ದಿದ್ರೆ ಅವ್ರು ಏಳಲ್ಲ. ಮದುವೆಯಾಗಿ ನಲವತ್ತೊಂದು ವರ್ಷ ಆಯ್ತು, ನಂಗೆ ಗೊತ್ತು."

ನಾನು ಬರೆಯಲು ಕುಳಿತೆ. ಒಂದು ಸಾಲು ಗೀಚಿ ಕೊಟ್ಟರೆ ಸಾಕು ಎಂದುಕೊಂಡಿದ್ದೆ. ರಾಯರು ಹೇಳಿ ಬರೆಸಿದರು. 'ಸದರಿ ಯಂತ್ರವು ತಯಾರಿಕಾ ದೋಷದಿಂದ ಕೂಡಿದ್ದು' ಎಂದು ಮೊದಲಾಯಿತು. ಪೂರ್ತಿ ಮೊತ್ತ ಹಿಂದಿರುಗಿಸಲಾಗುವುದು ಎಂದು ಮುಂದುವರಿಯಿತು. ದಿನಾಂಕ ಬಲಗಡೆ ಹಾಕಬೇಕಿತ್ತು, ನಾನು ಎಡಗಡೆ ಹಾಕಿದ್ದೆ. ಬೇರೆ ಹಾಳೆ ಕೊಟ್ಟು ಮತ್ತೆ ಬರೆಸಿದರು. ಅವರ ಬೆರಳಿನ ಬುಡ ಊದುತ್ತಿರುವುದು ನನಗೆ ಕಾಣುತ್ತಿತ್ತು. ಅವಸರದಲ್ಲಿ ನನ್ನ ಅಕ್ಷರ ಸೊಟ್ಟಗಾಗುತ್ತಿತ್ತು. ನಿಧಾನ, ಓದುವ ಹಾಗಿರಲಿ ಎಂದರು. ಹದಿನಾಲ್ಕು ನಿಮಿಷ. ಇವತ್ತಿಗೂ ನಿದ್ದೆ ಹತ್ತದಿದ್ದರೆ ನಾನು ಆ ಹದಿನಾಲ್ಕು ನಿಮಿಷವನ್ನು ಮನಸ್ಸಿನಲ್ಲೇ ಮತ್ತೆ ಬರೆಯುತ್ತೇನೆ. ಪ್ರತಿಸಲವೂ ದಿನಾಂಕವನ್ನು ಬಲಗಡೆಗೇ ಹಾಕುತ್ತೇನೆ.

ಅವರು ಕಾಗದವನ್ನು ಎರಡು ಸಲ ಓದಿ, ಟ್ಯಾಗಿಗೆ ಪೋಣಿಸಿ, ಫೈಲನ್ನು ಹೆಂಡತಿಗೆ ಕೊಟ್ಟು ಎದ್ದರು. ಆಟೊದಲ್ಲಿ ಸರೋಜಮ್ಮ ನಮ್ಮಿಬ್ಬರ ನಡುವೆ ಕುಳಿತರು. ರಾಯರು ಕೈ ಕೆಳಗೆ ಇಳಿಬಿಟ್ಟಾಗಲೆಲ್ಲ ಮೇಲೆತ್ತಿ ಹಿಡಿಯಿರಿ ಎಂದು ನಾನು ಹೇಳುತ್ತಿದ್ದೆ, ಅವರು ರಸ್ತೆಯ ಕಡೆ ಮುಖ ತಿರುಗಿಸುತ್ತಿದ್ದರು. ನ್ಯಾಷನಲ್ ಕಾಲೇಜ್ ಸರ್ಕಲ್ಲಿನ ಹತ್ತಿರ ಅವರಿಗೆ ನೋವು ಶುರುವಾಯಿತು. ಅಲ್ಲಿಂದ ಮುಂದೆ ಕೈಯನ್ನು ಅವರೇ ಮೇಲೆತ್ತಿ ಹಿಡಿದುಕೊಂಡರು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದ ವೈದ್ಯರು ಚುಕ್ಕೆ ನೋಡಿ ಟಿಟಿ ಇಂಜೆಕ್ಷನ್ ಬರೆದರು, ಮಾತ್ರೆ ಬರೆದರು, ಊತ ಇಳಿಯದಿದ್ದರೆ ಸೋಮವಾರ ಬನ್ನಿ ಎಂದರು. ನಾನು ಮ್ಯಾನುವಲ್ಲಿನ ಪುಟ ಮುಂದಿಟ್ಟು, ಕೈಯ ಶಸ್ತ್ರಚಿಕಿತ್ಸಕರನ್ನು ಕರೆಸಿ ಎಂದೆ. ಡಾಕ್ಟರ್ ನೀವಾ ನಾನಾ ಎಂದು ಅವರು ಕೇಳಿದರು. ರಾಯರ ಮುಖದಲ್ಲಿ, ನಾನು ಹೇಳಿರಲಿಲ್ಲವೇ ಎಂಬ ಕಳೆ ಬಂತು. ಆ ಹೊತ್ತಿನಲ್ಲಿ ಅವರಿಬ್ಬರೂ ಒಂದೇ ಪಕ್ಷ, ನಾನೊಬ್ಬಳು ಎದುರುಪಕ್ಷ. ನಾನು ಕೌಂಟರಿನ ಮುಂದೆ ನಿಂತುಬಿಟ್ಟೆ. ಸೆಕ್ಯೂರಿಟಿಯವರು ಪಕ್ಕಕ್ಕೆ ಬನ್ನಿ ಮೇಡಂ ಎಂದರು. ಬರಲಿಲ್ಲ. ಕೊನೆಗೆ ನನ್ನ ಕಾಟ ತಪ್ಪಿಸಿಕೊಳ್ಳಲೆಂದೇ ಮೇಲಕ್ಕೆ ಫೋನ್ ಹೋಯಿತು.

ಇಳಿದು ಬಂದ ಸರ್ಜನ್ ನನ್ನ ವಯಸ್ಸಿನ ಹೆಂಗಸು. ಆಕೆ ಚುಕ್ಕೆಯನ್ನು ನೋಡಲೇ ಇಲ್ಲ. ಬೆರಳಿನ ಬುಡವನ್ನೂ ಅಂಗೈಯನ್ನೂ ಒತ್ತಿ ನೋಡಿದರು. ರಾಯರು ಮೊದಲ ಸಲ ಕೂಗಿದರು.

"ಎಷ್ಟ್ ಹೊತ್ತಾಯ್ತು? ಎಷ್ಟ್ ಬಾರು? ಯಾವ ನೀರು?" ಎಂದು ಆಕೆ ನನ್ನನ್ನು ಕೇಳಿದರು.

ಆ ದಿನ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ಉತ್ತರ ಹೇಳುವಾಗ ನನಗೆ ಅಳು ಬಂತು.

ಮಧ್ಯಾಹ್ನ ಎರಡು ಹತ್ತಕ್ಕೆ ಆಪರೇಷನ್ನಿಗೆ ಒಳಗೆ ಕರೆದೊಯ್ದರು. ಬೆರಳನ್ನು ತುದಿಯಿಂದ ಅಂಗೈ ನಡುವಿನವರೆಗೆ ತೆರೆದು, ಒಳಗಿದ್ದ ನೀರನ್ನೂ ಕೆಸರಿನ ಕಪ್ಪನ್ನೂ ತೊಳೆದರು. ಗಾಯವನ್ನು ಹೊಲಿಯದೆ ಐದು ದಿನ ಹಾಗೇ ಬಿಟ್ಟು, ಎರಡನೆಯ ಸಲ ತೊಳೆದು ಆಮೇಲೆ ಮುಚ್ಚಿದರು. ಸೋಮವಾರದವರೆಗೆ ಬಿಟ್ಟಿದ್ದರೆ ಬೆರಳನ್ನು ತೆಗೆಯಬೇಕಾಗುತ್ತಿತ್ತು ಎಂದು ಸರ್ಜನ್ ಸರೋಜಮ್ಮನಿಗೆ ಹೇಳಿದರು. ಬೆರಳು ಉಳಿಯಿತು. ನಡುವಿನ ಗಂಟು ಮಾತ್ರ ಮತ್ತೆ ಮಡಿಚಲಿಲ್ಲ.

ನಾನು ಬರೆದುಕೊಟ್ಟ ಕಾಗದ ತನ್ನ ಕೆಲಸ ಶುರು ಮಾಡಿತು. ಅಕ್ಟೋಬರಿನಲ್ಲಿ ರಾಯರ ವಕೀಲರ ನೋಟಿಸು ಬಂತು, ಅದರ ಜೊತೆಗೆ ನನ್ನ ಸೊಟ್ಟ ಅಕ್ಷರದ ಜೆರಾಕ್ಸ್. ತಯಾರಿಕಾ ದೋಷವೆಂದು ಸಂಸ್ಥೆಯ ಎಂಜಿನಿಯರೇ ಒಪ್ಪಿರುವುದರಿಂದ ಗಾಯಕ್ಕೂ ಸಂಸ್ಥೆಯೇ ಹೊಣೆ ಎಂಬುದು ಅವರ ವಾದ. ನನ್ನನ್ನು ಫೀಲ್ಡಿನಿಂದ ತೆಗೆದು ಬಿಡಿಭಾಗಗಳ ಕೌಂಟರಿನಲ್ಲಿ ಕೂರಿಸಿದರು. ಸಹೋದ್ಯೋಗಿಗಳು ನನ್ನ ಎದುರಿಗೇ, ಸಹಿ ಬೇಕಾದರೆ ಮೇಡಂ ಹತ್ತಿರ ಹೋಗಿ, ಕೇಳಿದ್ದಕ್ಕೆಲ್ಲ ಹಾಕಿಕೊಡುತ್ತಾರೆ ಎಂದು ತಮಾಷೆ ಮಾಡುತ್ತಿದ್ದರು.

ನವೆಂಬರಿನಲ್ಲಿ ಮಾತುಕತೆಗೆಂದು ರಾಯರನ್ನು ನಮ್ಮ ಆಫೀಸಿಗೆ ಕರೆಸಿದರು. ಒಳಗೆ ಹೋಗುವ ಮುಂಚೆ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, ಬಲವಂತದಿಂದ ಬರೆಸಿಕೊಂಡರು ಎಂದಷ್ಟೇ ಹೇಳಿ, ಬೇರೇನೂ ಬೇಡ ಎಂದರು. ರಾಯರು ನನ್ನನ್ನು ನೋಡಿಯೂ ನೋಡದವರಂತೆ ಕುಳಿತರು. ಫೈಲು ಬಿಚ್ಚಿ ಕಾಗದವನ್ನು ಗಟ್ಟಿಯಾಗಿ ಓದಿದರು. ಇದರಲ್ಲಿರುವುದು ನಿಜವೋ ಸುಳ್ಳೋ ಎಂದು ನನ್ನನ್ನು ಕೇಳಿದರು.

ನಾನು ಮೂರು ತಿಂಗಳಿನಿಂದ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿದೆ. ಯಂತ್ರದಲ್ಲಿ ದೋಷವಿರಲಿಲ್ಲ. ನಲ್ಲಿಯನ್ನು ಅಳೆಯದೆ ಬದಲಾವಣೆಗೆ ಸಹಿ ಹಾಕಿದ್ದು ನಾನು. ನಾಝಲ್ ತೆಗೆಸದೆ ಸ್ವಿಚ್ ಹಾಕಿದವಳು ನಾನು. ನೀರು ಬರುತ್ತಿದೆ ಎಂದು ಗೊತ್ತಾದ ಮೇಲೂ, ಅವರ ಕೈ ಎಲ್ಲಿದೆ ಎಂದು ತಿರುಗಿ ನೋಡದವಳು ನಾನು. ಮ್ಯಾನೇಜರ್ ಪೆನ್ನು ಕೆಳಗಿಟ್ಟರು.

"ಹಾಗಾದ್ರೆ ಈ ಕಾಗದ ಸುಳ್ಳು," ಎಂದರು ರಾಯರು.

"ಸುಳ್ಳು ಸರ್. ಅದನ್ನ ಬರೀದೆ ಇದ್ದಿದ್ರೆ ನೀವು ಏಳ್ತಿರ್ಲಿಲ್ಲ."

ಅವರು ಕಾಗದವನ್ನು ಮತ್ತೆ ಟ್ಯಾಗಿಗೆ ಪೋಣಿಸಿದರು. ಆಮೇಲೆ ನನಗಲ್ಲ, ಮ್ಯಾನೇಜರಿಗೆ ಹೇಳಿದರು. "ಸುಳ್ಳು ಬರೆಯೋರನ್ನ ಮನೆಮನೆಗೆ ಕಳಿಸ್ತೀರಿ ನೀವು. ಇವರು ಈಗ ಹೇಳಿದ್ದೂ ಬರವಣಿಗೇಲಿ ಬೇಕು ನಂಗೆ."

ಬರೆದುಕೊಟ್ಟೆ. ಈ ಸಲ ಅಕ್ಷರ ಸೊಟ್ಟಗಾಗಲಿಲ್ಲ. ಕೊನೆಗೆ ಇತ್ಯರ್ಥವಾದಾಗ ಯಂತ್ರದ ವಿಷಯದಲ್ಲಿ ಅವರು ಸೋತರು, ಸೇವಾಲೋಪದ, ಅಂದರೆ ನಮ್ಮ ಕೆಲಸದ ತಪ್ಪಿನ, ವಿಷಯದಲ್ಲಿ ಗೆದ್ದರು. ಸಂಸ್ಥೆ ಆಸ್ಪತ್ರೆಯ ಖರ್ಚು ಕೊಟ್ಟಿತು. ನನ್ನ ರಾಜೀನಾಮೆಯನ್ನೂ ಕೇಳಿ ಪಡೆಯಿತು. ರಾಯರಿಂದ ನನಗೆ ಒಂದು ಒಳ್ಳೆಯ ಮಾತೂ ಬರಲಿಲ್ಲ. ನಾನು ಕಾದಿದ್ದೆ ಎಂಬುದು ನಿಜ, ಆದರೆ ಅವರು ಕೊಡಬೇಕಾದದ್ದೇನೂ ಇರಲಿಲ್ಲ. ಅವರ ಸಿಟ್ಟಿಗೆ ಕಾರಣವಿತ್ತು. ಅವರು ಬೈದದ್ದು ಬಹುಪಾಲು ಸರಿಯಾಗಿಯೇ ಇತ್ತು.

ಈಗ ಮಲ್ಲೇಶ್ವರದಲ್ಲಿ ಇನ್ನೊಂದು ಸಂಸ್ಥೆಯಲ್ಲಿ ಅದೇ ಕೆಲಸ ಮಾಡುತ್ತೇನೆ. ಬೈಗುಳವೂ ಅದೇ. ಆ ಅಂಗಳ ನನಗೆ ಕಲಿಸಿದ್ದು ಇಷ್ಟು: ಬೈಯುವವರ ಎದುರು ಗೆಲ್ಲಬೇಕೆಂಬ ಆಸೆ ಹುಟ್ಟಿದ ಕೂಡಲೇ ಕೆಲಸ ನಿಲ್ಲಿಸಬೇಕು. ಆ ಆಸೆಗೆ ಗುಳ್ಳೆ ಕಾಣುತ್ತದೆ, ಬೆರಳು ಕಾಣುವುದಿಲ್ಲ. ಆದ್ದರಿಂದ ಯಾವ ಮನೆಗೆ ಹೋದರೂ, ಗನ್ನು ಯಾರ ಕೈಯಲ್ಲಿದ್ದರೂ ಕೇಳಿ ತೆಗೆದುಕೊಳ್ಳುತ್ತೇನೆ. ಸ್ವಿಚ್ಚಿನ ಮೇಲೆ ಕೈಯಿಟ್ಟು, ಅಲ್ಲಿರುವ ಎಲ್ಲರೂ ತಮ್ಮ ಕೈ ತೋರಿಸಬೇಕೆನ್ನುತ್ತೇನೆ. ಬಹಳ ಜನಕ್ಕೆ ಇದು ಹಿಡಿಸುವುದಿಲ್ಲ. ಹೋದ ವಾರ ಒಬ್ಬರು, ನಾವೇನು ಕಳ್ಳರೇನಮ್ಮ, ಕೈ ಎತ್ತಿ ನಿಲ್ಲೋಕೆ ಎಂದು ರೇಗಿದರು. ಅವರ ಹತ್ತು ಬೆರಳೂ ಕಾಣುವವರೆಗೆ ಕಾದೆ. ಆಮೇಲೆ ಸ್ವಿಚ್ ಹಾಕಿದೆ.